ಎಡಗಡೆಯ ಕಿಟಕಿ

ದುರ್ಗದಿಂದ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟರೆ ಯಾವ ಕಡೆ ಕೂರಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಿರಿಯೂರು ದಾಟುವ ಹೊತ್ತಿಗೆ ಎಡಗಡೆಯವರೆಲ್ಲ ಸೆರಗಿನಿಂದ ಮುಖ ಮುಚ್ಚಿಕೊಂಡಿರುತ್ತಾರೆ. ಬಲ್ಲವರು ಡ್ರೈವರ್ ಕಡೆಯ ಸಾಲಿನಲ್ಲಿ ತಣ್ಣಗೆ ಕೂತಿರುತ್ತಾರೆ. ಹೊಸದುರ್ಗದ ಬಸ್ಸಿಗೂ ಇದೇ ಲೆಕ್ಕ. ಹೊಳಲ್ಕೆರೆಗೆ ಹೋಗುವಾಗ ಸೂರ್ಯ ಬೆನ್ನ ಹಿಂದಿರುತ್ತಾನೆ, ಎಲ್ಲಿ ಕೂತರೂ ನಡೆದೀತು.

ವಿಮಾನಕ್ಕೂ ಇದಕ್ಕಿಂತ ದೊಡ್ಡ ವಿದ್ಯೆಯೇನೂ ಬೇಡ ಅಂದರೆ ನಗಬೇಡಿ. ಈಗ ನಮ್ಮಂಥ ಊರುಗಳ ತಾಯಂದಿರೂ ಮಗಳ ಬಾಣಂತನಕ್ಕೆಂದು ವಿಮಾನ ಹತ್ತುತ್ತಾರೆ. ಟಿಕೆಟ್ ಮಾಡಿಸುವವರು ಅಳಿಯಂದಿರು. "ಅತ್ತೆಗೆ ಎದ್ದು ಓಡಾಡಲು ಅನುಕೂಲ" ಎಂದು ನಡುದಾರಿಯ ಪಕ್ಕದ ಸೀಟು ಹಾಕಿಸಿಬಿಡುತ್ತಾರೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ! 2022ರ ನವೆಂಬರಿನಲ್ಲಿ ಮುಂಬಯಿಗೆ ಹೊರಟಾಗ ನಾನು ಫೋನಿನಲ್ಲಿ ಹೇಳಿದೆ: "ನನಗೆ ಕಿಟಕಿಯೇ ಬೇಕು ಕಣೇ, ಅದೂ ಎಡಗಡೆಯದು."

"ಮೋಡ ಬಿಟ್ಟು ಇನ್ನೇನಮ್ಮಾ ಕಾಣತ್ತೆ?" ಅಂದಳು ಮಗಳು.

ನನ್ನ ಕಾರಣ ಬೇರೆ ಇತ್ತು. ನನ್ನ ತವರು ಹಿರಿಯೂರಿನ ಪಕ್ಕದ ಹಳ್ಳಿ. ವಾಣಿವಿಲಾಸ ಸಾಗರದ, ನಮ್ಮ ಬಾಯಲ್ಲಿ ಮಾರಿಕಣಿವೆಯ, ನಾಲೆಯ ನೀರು ಕುಡಿದು ಬೆಳೆದ ತೆಂಗಿನ ತೋಟ ಅಪ್ಪನದು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು, ಅಷ್ಟೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಾಲೆಗೆ ನೀರಿಲ್ಲದೆ ಮರಗಳು ಒಂದೊಂದಾಗಿ ಸುಳಿ ಒಣಗಿ ನಿಂತವು. ಅವನ್ನು ಕಡಿಸಿದ ದಿನ ಅಪ್ಪ ಊಟಕ್ಕೆ ಏಳಲಿಲ್ಲ. "ಮಾರಿಕಣಿವೆ ಕೋಡಿ ಬೀಳೋದನ್ನ ಒಂದ್ಸಲ ನೋಡ್ಬೇಕು ಕಣಮ್ಮ" ಅನ್ನುತ್ತಿದ್ದರು. ನೋಡದೆಯೇ ಹೋದರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೋಯಿತು; ಮಂಡಿನೋವು ನನ್ನನ್ನು ಮನೆಯಲ್ಲೇ ಕೂರಿಸಿತು.

ಎಡಗಡೆ ಎಂದು ಹೇಗೆ ತಿಳಿಯಿತು ಅಂತೀರಾ? ಮಕ್ಕಳ ಅಟ್ಲಾಸ್ ತೆಗೆದು ಬೆಂಗಳೂರಿನಿಂದ ಮುಂಬಯಿಗೆ ಒಂದು ದಾರ ಎಳೆದು ಹಿಡಿಯಿರಿ. ಚಿತ್ರದುರ್ಗ, ಹಿರಿಯೂರು ಎರಡೂ ದಾರದ ಎಡಕ್ಕೆ ಬರುತ್ತವೆ. ವಿಮಾನ ದಾರದಷ್ಟು ನೆಟ್ಟಗೆ ಹೋಗದು ನಿಜ, ಆದರೂ ಊರು ಯಾವ ಮಗ್ಗುಲಿಗೆ ಎಂಬುದಕ್ಕೆ ಇಷ್ಟು ಸಾಕು. ಮೇಲಾಗಿ ಬೆಳಗಿನ ವಿಮಾನವಾದರೆ ಬಿಸಿಲು ಬಲಗಡೆಯವರ ಪಾಲಿಗೆ. ಎಡಗಡೆಯವರಿಗೆ ಕಣ್ಣು ಕುಕ್ಕುವುದಿಲ್ಲ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ಇನ್ನು ರೆಕ್ಕೆ. ಇದೊಂದು ತಂಟೆ. ದೊಡ್ಡ ವಿಮಾನದಲ್ಲಿ ನಡುಭಾಗದ ಸೀಟುಗಳ ಕೆಳಗೇ ರೆಕ್ಕೆ ಚಾಚಿಕೊಂಡಿರುತ್ತದೆ. ಕಿಟಕಿಗೆ ದುಡ್ಡು ಕೊಟ್ಟು ತಗಡು ನೋಡುತ್ತಾ ಕೂರಬೇಕಾಗುತ್ತದೆ. ಅದರ ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಗೆ ನೋಟ ಒಲೆಯ ಮೇಲಿನ ಹಬೆಯಂತೆ ನಡುಗುತ್ತದೆ. ಆದ್ದರಿಂದ ರೆಕ್ಕೆಗೆ ಮುಂಚಿನ ಸಾಲು ಕೇಳಿ. ಫ್ಯಾನು ತಿರುಗುವ ಚಿಕ್ಕ ಎಟಿಆರ್ ವಿಮಾನಕ್ಕೆ ರೆಕ್ಕೆ ತಲೆಯ ಮೇಲಿರುತ್ತದೆ, ಕೆಳಗಿನ ನೆಲಕ್ಕೆ ಅಡ್ಡಿಯಿಲ್ಲ. ಒಂದು ಸಾಲಿಗೆ ಮೂರು ಮೂರು ಸೀಟಿದ್ದರೆ 'ಎ' ಎಡಗಡೆಯ ಕಿಟಕಿ, 'ಎಫ್' ಬಲಗಡೆಯದು. ಮೊದಲೇ ಆರಿಸಿಕೊಂಡರೆ ಹೆಚ್ಚಿನ ಹಣ ಕೇಳುತ್ತಾರೆ. ಬೇಡವಾದರೆ ಬೇಗ ಹೋಗಿ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಸಂಕೋಚ ಯಾಕೆ?

ವಿಮಾನ ಏರಿ ಹೆಚ್ಚು ಕಡಿಮೆ ಕಾಲು ಗಂಟೆಗೆ ನಮ್ಮ ಜಿಲ್ಲೆ ಬಂದುಬಿಡುತ್ತದೆ, ತಿಂಡಿಯ ಗಾಡಿಗಿಂತ ಮುಂಚೆ. ನಾನು ಕಿಟಕಿಗೆ ಹಣೆ ಒತ್ತಿಯೇ ಕೂತಿದ್ದೆ. ದೂರದಲ್ಲಿ, ಬೆಟ್ಟಗಳ ಸಂದಿಯಲ್ಲಿ, ಕವಲು ಕವಲಾಗಿ ಹಬ್ಬಿದ ನೀರು. ಅಷ್ಟು ನೀರನ್ನು ನಾನು ಹುಟ್ಟಿದಾಗಿನಿಂದ ಅಲ್ಲಿ ಕಂಡಿರಲಿಲ್ಲ. ಪಕ್ಕದಲ್ಲಿದ್ದ ಹುಡುಗ "ಯಾಕಮ್ಮಾ, ಹೆದರಿಕೆಯಾ?" ಅಂದ. "ಇಲ್ಲಪ್ಪಾ, ಅದು ನಮ್ಮೂರು" ಅಂದೆ.

ಹಿಂದಿರುಗುವಾಗ ಎಲ್ಲ ಉಲ್ಟಾ, ಮರೆಯಬೇಡಿ: ಊರು ಬಲಗಡೆಗೆ. ಸಂಜೆಯ ವಿಮಾನವಾದರೆ ಬಿಸಿಲೂ ಅದೇ ಕಡೆ. ಸಾಧ್ಯವಾದರೆ ಬೆಳಗಿನದನ್ನೇ ಹಿಡಿಯಿರಿ.