ಭೋರ್‌ನ ಹೊಸ ನೀರು

ಪುಣೆಯಿಂದ ಸಾತಾರಾ ಹೆದ್ದಾರಿ ಹಿಡಿದು ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ ಭೋರ್ ರಸ್ತೆ. ಒಟ್ಟು ಸುಮಾರು 50 ಕಿ.ಮೀ. 1948ರವರೆಗೆ ಪಂತ ಸಚಿವರ ಸಂಸ್ಥಾನವಾಗಿದ್ದ ಊರು. ರಾಜವಾಡೆ ಇದೆ, ನೀರಾ ನದಿ ಇದೆ, ಹತ್ತಿರದಲ್ಲೇ ಬ್ರಿಟಿಷರ ಕಾಲದ ಭಾಟಘರ್ ಅಣೆಕಟ್ಟು. ಮಳೆಗಾಲದಲ್ಲಿ ಪುಣೆಯವರು ಇತ್ತ ಬರುವುದು ಹಸಿರು ನೋಡಲು. ನಾನು ಎರಡು ಸಲ ಹೋಗಿ, ಎರಡೂ ಸಲ ಮೀನಿನ ಪಾಠ ಕಲಿತು ಬಂದೆ.

ನಮ್ಮ ಅಕ್ವೇರಿಯಂನಲ್ಲಿ ಆರು ಕೋರಿಡೋರಾಸ್‌ಗಳಿವೆ. ದಕ್ಷಿಣ ಅಮೆರಿಕದ, ಬೆರಳುದ್ದದ ಮೀಸೆ ಮೀನು. ಸದಾ ತಳದ ಮರಳು ಕೆದಕುತ್ತಿರುತ್ತದೆ. ವರ್ಷವಾದರೂ ಮೊಟ್ಟೆ ಇಟ್ಟಿರಲಿಲ್ಲ. ಹೀಟರ್, ಫಿಲ್ಟರ್, ಒಳ್ಳೆಯ ಆಹಾರ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಜೂನ್ ಕೊನೆಯಲ್ಲಿ ಭೋರ್‌ನ ಹೊಳೆದಂಡೆಯಲ್ಲಿ ನಿಂತಿದ್ದೆ. ನೀರು ಕೆಂಪಾಗಿ ಹರಿಯುತ್ತಿತ್ತು. ಬಲೆ ಹಿಡಿದಿದ್ದ ಹಿರಿಯರೊಬ್ಬರು, ಹೊಸ ನೀರು ಬಂದರೆ ಮೀನು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತದೆ ಎಂದರು. ಆಗ ಹೊಳೆಯಿತು: ನನ್ನ ಮೀನುಗಳಿಗೆ ವರ್ಷವಿಡೀ 26 ಡಿಗ್ರಿ. ಅವು ಮಳೆಗಾಲವನ್ನೇ ಕಂಡಿರಲಿಲ್ಲ.

ಮನೆಗೆ ಬಂದವನೇ ಅರ್ಧ ನೀರು ತೆಗೆದು, ಕ್ಲೋರಿನ್ ಹೋಗಿಸಿದ ತಣ್ಣನೆಯ ನೀರು ನಿಧಾನವಾಗಿ ತುಂಬಿದೆ. ಉಷ್ಣತೆ 22ಕ್ಕೆ ಇಳಿಯಿತು. ಮರುದಿನವೂ ಹಾಗೇ ಮಾಡಿದೆ. ಮೂರನೆಯ ಬೆಳಗ್ಗೆ ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆ ಮಾಡಿ, ಅದರಲ್ಲಿ ಮೊಟ್ಟೆ ಹಿಡಿದು ತಂದು ಗಾಜಿಗೆ ಅಂಟಿಸುತ್ತಿತ್ತು. ದೊಡ್ಡ ಮೀನುಗಳೇ ಮೊಟ್ಟೆ ತಿನ್ನುತ್ತವೆ. ಹಾಗಾಗಿ ಬೆರಳಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿ, ಗಾಳಿಗುಳ್ಳೆ ಬಿಟ್ಟೆ. ಬೂಸ್ಟು ಹಿಡಿದು ಬೆಳ್ಳಗಾದವನ್ನು ದಿನವೂ ತೆಗೆದೆ. ನಾಲ್ಕನೇ ದಿನ ಮರಿಗಳು ಹೊರಬಂದವು. ಮೊದಲೆರಡು ದಿನ ಹೊಟ್ಟೆಗೆ ಅಂಟಿದ ಭಂಡಾರವೇ ಅವುಗಳ ಊಟ, ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ ಮರಿ. ನಲವತ್ತು ಉಳಿದವು.

ಸೆಪ್ಟೆಂಬರ್ ಹೊತ್ತಿಗೆ ತೊಟ್ಟಿ ಸಾಲದಾಯಿತು. "ಅಪ್ಪಾ, ಭೋರ್‌ನಲ್ಲಿ ಬಿಟ್ಟುಬರೋಣ. ಅಲ್ಲಿ ಎಷ್ಟೊಂದು ಜಾಗ ಇದೆ," ಎಂದಳು ಮಗಳು. ನನಗೂ ಪುಣ್ಯದ ಕೆಲಸ ಅನ್ನಿಸಿತು. ಮರಿಗಳನ್ನು ಚೀಲಕ್ಕೆ ತುಂಬಿಕೊಂಡು ಭಾಟಘರ್ ಹಿನ್ನೀರಿಗೆ ಹೋದೆವು. ಚೀಲದ ರಬ್ಬರ್ ಬಿಚ್ಚಿಯೂ ಆಗಿತ್ತು.

"ಈ ನೀರು ಎಲ್ಲಿಗೆ ಹೋಗ್ತದೆ?" ಎಂದು ಅವಳು ಕೇಳಿದಳು. ಹೇಳುತ್ತಾ ಹೋದೆ: ಇದು ನೀರೆಗೆ, ನೀರೆ ನರಸಿಂಹಪುರದಲ್ಲಿ ಭೀಮೆಗೆ, ಭೀಮೆ ಪಂಢರಪುರ ದಾಟಿ ಗಾಣಗಾಪುರಕ್ಕೆ. ಗಾಣಗಾಪುರ ಅಂದಾಗ ಮಾತು ನಿಂತಿತು. ನಾನು ಅಫಜಲಪುರದ ಕಡೆಯವನು, ಭೀಮೆಯ ನೀರು ಕುಡಿದು ಬೆಳೆದವನು. ಅದೇ ಭೀಮೆಯ ಉಜನಿ ಜಲಾಶಯದಲ್ಲಿ ಈಗ ಮೀನುಗಾರರ ಬಲೆಗೆ ಸಕರ್ ಮೀನು ಸಿಕ್ಕಿಕೊಂಡು ಬಲೆ ಹರಿಯುತ್ತದೆ. ಅದೂ ದಕ್ಷಿಣ ಅಮೆರಿಕದ ಮೀಸೆ ಮೀನೇ. ಗಾಜು ಸ್ವಚ್ಛ ಮಾಡುತ್ತದೆಂದು ಅಂಗಡಿಯಿಂದ ಮನೆಗೆ ಬರುವಂಥದ್ದು. ಬೆಳೆದು ತೊಟ್ಟಿ ಸಾಲದಾದಾಗ ಯಾರೋ ನಮ್ಮಂಥವರೇ ಹೊಳೆಗೆ ಬಿಡುತ್ತಾರೆ.

ಕೋರಿಡೋರಾಸ್ ಅಷ್ಟು ಗಟ್ಟಿಯಲ್ಲ, ಹೊಳೆಯಲ್ಲಿ ಬದುಕದೇ ಹೋಗಬಹುದು. ಸತ್ತರೆ ಮೀನಿಗೆ ಅನ್ಯಾಯ, ಬದುಕಿದರೆ ಹೊಳೆಗೆ ಅನ್ಯಾಯ. ರಬ್ಬರ್ ಮತ್ತೆ ಹಾಕಿದೆ. ಮಗಳು ಕಾಪೂರಹೋಳದವರೆಗೂ ಮಾತಾಡಲಿಲ್ಲ.

ಮರಿಗಳಲ್ಲಿ ಅರ್ಧ ಅಕ್ವೇರಿಯಂ ಅಂಗಡಿಗೆ, ಉಳಿದವು ಸೊಸೈಟಿಯ ಮೂರು ಮನೆಗಳಿಗೆ ಹೋದವು. ಈಗ ತೊಟ್ಟಿಗೆ ತಣ್ಣೀರು ಹಾಕುವ ಮೊದಲು, ಮರಿ ಯಾರ ಮನೆಗೆ ಎಂಬ ಪಟ್ಟಿ ಬರೆಯುತ್ತೇವೆ. ಬರೆಯುವವಳು ಮಗಳೇ.