ಕಲ್ಲಿನ ಹೊಳೆಗೆ ಯಾವ ದಾರ?

'ಇದು ಎಷ್ಟು ತೂಕ ತಡೆಯುತ್ತೆ?' ಗಾಳದ ದಾರ ಕೊಳ್ಳಲು ಬಂದವರು ಮೊದಲು ಕೇಳುವುದು ಇದನ್ನೇ. ಅಂಗಡಿಯವರು ದಾರದ ಉರುಳೆ ತಿರುಗಿಸಿ ಅಚ್ಚಾದ ಅಂಕಿ ತೋರಿಸುತ್ತಾರೆ: 20 ಪೌಂಡು, 30 ಪೌಂಡು, 50 ಪೌಂಡು. 30 ಪೌಂಡಿನ ನೈಲಾನಿನ ಒಂಟಿ ಎಳೆಯ ದಾರ, ಅಂದರೆ ಮೋನೋ, ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ ಇರುತ್ತದೆ. ಪಕ್ಕದಲ್ಲೇ ಇಟ್ಟ 30 ಪೌಂಡಿನ ಹೆಣೆದ ದಾರ, ಗಾಳದವರ ಬಾಯಲ್ಲಿ ಬ್ರೇಡ್, ಅದರ ಅರ್ಧದಷ್ಟು ದಪ್ಪ. ತೆಳ್ಳಗಿದ್ದರೆ ದೂರ ಎಸೆಯಬಹುದು, ರೀಲಿನಲ್ಲಿ ಹೆಚ್ಚು ದಾರ ಹಿಡಿಸುತ್ತದೆ, ನೀರಿನ ಸೆಳೆತಕ್ಕೂ ಕಡಿಮೆ ಸಿಕ್ಕುತ್ತದೆ. ಹೊಸಬರ ಕೈ ಬ್ರೇಡಿನ ಕಡೆಗೆ ಹೋಗುವುದು ಸಹಜವೇ. ಆದರೆ ಆ ಅಂಕಿ ಹೇಳುವುದು ದಾರವನ್ನು ನೆಟ್ಟಗೆ ಎಳೆದಾಗ ಅದು ತಡೆಯುವ ತೂಕವನ್ನು ಮಾತ್ರ. ಹೊಳೆಯಲ್ಲಿ ದಾರ ನೆಟ್ಟಗೆ ಎಲ್ಲಿರುತ್ತದೆ? ಬಂಡೆ ಬಳಸುತ್ತದೆ, ಬೇರಿಗೆ ಸುತ್ತುತ್ತದೆ, ಕಲ್ಲಿನ ಸಂದಿಗೆ ಸಿಕ್ಕಿ ಅಲ್ಲೇ ತಿಕ್ಕಾಡುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಹೊಳೆಯ ತಳದ ಬಗ್ಗೆ. ಕಲ್ಲೋ, ಮರಳೋ, ಕೆಸರೋ, ಜೊಂಡೋ? ಅದು ಗೊತ್ತಾದ ಮೇಲೆ ದಾರದ ಮಾತು.

ಮೋನೋ, ಬ್ರೇಡ್ ಎರಡೂ ಹಳೆಯ ವಸ್ತುಗಳೇನಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಗಾಳಕ್ಕೆ ರೇಷ್ಮೆಯ ದಾರವಿತ್ತು, ಕುದುರೆ ಕೂದಲಿತ್ತು. ರೇಷ್ಮೆ ದಾರವನ್ನು ಬಳಸಿದ ದಿನವೇ ಬಿಚ್ಚಿ ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿ ನೈಲಾನನ್ನು ಲೋಕಕ್ಕೆ ತಿಳಿಸಿದ್ದು 1938ರಲ್ಲಿ. ಕರಗಿಸಿದ ನೈಲಾನನ್ನು ಸಣ್ಣ ತೂತಿನಿಂದ ಎಳೆದು ಮಾಡಿದ ಒಂದೇ ಎಳೆ ಮೋನೋ. ಬ್ರೇಡಿನದು ಬೇರೆ ಕುಲ. ಅದು ಪಾಲಿಎಥಿಲೀನ್, ಅಂಗಡಿಯ ಕೈಚೀಲದ ಪ್ಲಾಸ್ಟಿಕ್ಕಿನ ಬಳಗವೇ. ಅದರ ಅತಿ ಉದ್ದದ ಅಣುಸರಪಳಿಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ಎಳೆ ತೆಗೆಯುವ ವಿಧಾನವನ್ನು ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯಲ್ಲಿ 1970ರ ದಶಕದ ಕೊನೆಗೆ ಕಂಡುಕೊಂಡರು. ಕೂದಲಿಗಿಂತ ಸಣ್ಣ ನೂರಾರು ಎಳೆಗಳನ್ನು ನಾಲ್ಕೋ ಎಂಟೋ ಕಟ್ಟುಗಳಾಗಿ ಮಾಡಿ ಜಡೆ ಹೆಣೆದರೆ ಬ್ರೇಡ್.

ಹುಟ್ಟಿನ ಈ ವ್ಯತ್ಯಾಸ ನೀರಿನಲ್ಲಿ ಕಾಣುತ್ತದೆ. ನೈಲಾನ್ ನೀರಿಗಿಂತ ಭಾರ, ನಿಧಾನವಾಗಿ ಮುಳುಗುತ್ತದೆ. ಬ್ರೇಡ್ ತೇಲುತ್ತದೆ. ಮೋನೋ ಜಗ್ಗಿದರೆ ಕಾಲು ಭಾಗದಷ್ಟು ಹಿಗ್ಗಬಲ್ಲದು, ಬ್ರೇಡ್ ಹಿಗ್ಗುವುದಿಲ್ಲ ಎಂದೇ ಹೇಳಬಹುದು. ಆದ್ದರಿಂದ ದೂರದಲ್ಲಿ ಮೀನು ಎರೆಯನ್ನು ಮೂತಿಯಿಂದ ತಳ್ಳಿದ್ದೂ ಬ್ರೇಡಿನಲ್ಲಿ ಬೆರಳಿಗೆ ತಿಳಿಯುತ್ತದೆ. ಆ ಸುಖ ಒಮ್ಮೆ ಕಂಡವರಿಗೆ ಮೋನೋ ಮಂಕಾಗಿ ಕಾಣುತ್ತದೆ, ಒಪ್ಪುತ್ತೇನೆ.

ಆದರೂ ಕಾವೇರಿಗೆ ಮೋನೋವೇ ಸರಿ ಎನ್ನುವವನು ನಾನು. ಅರ್ಕಾವತಿ ಬಂದು ಸೇರುವ ಸಂಗಮದಿಂದ ಮೇಕೆದಾಟಿನ ಕಡೆಗೆ ನಡೆದವರಿಗೆ ಗೊತ್ತು, ಅಲ್ಲಿ ಹೊಳೆ ಹರಿಯುವುದೇ ಬಂಡೆಯ ಒಳಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೊರೆದ ಗುಂಡಿಗಳು, ಸೀಳಿದ ಅಂಚುಗಳು, ಒಂದರ ಮೇಲೊಂದು ಬಿದ್ದ ಗುಂಡುಗಳೆಲ್ಲ ಮೇಲೆ ಬರುತ್ತವೆ. ಮಳೆಗಾಲ ಕಳೆದ ಮೇಲೆ ದಾರ ಇಳಿಸುತ್ತಿದ್ದುದು ಅದೇ ಜಾಗಕ್ಕೆ. ಬೇಯಿಸಿ ನಾದಿದ ರಾಗಿ ಹಿಟ್ಟನ್ನು ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚಿ, ಮೇಲೆ ಸೀಸದ ತಂತಿ ಸುತ್ತಿ ಎಸೆಯುವುದು ಇಲ್ಲಿನ ಹಳೆಯ ಪದ್ಧತಿ. ಆ ಉಂಡೆ ಹೋಗಿ ಕೂರುವುದೂ ಕಲ್ಲಿನ ಸಂದಿಯಲ್ಲೇ.

ಈ ಹೊಳೆಯ ದೊಡ್ಡ ಮೀನು ಮಹಶೀರ್ ಕಚ್ಚಿತೆಂದರೆ ಮೊದಲ ಓಟದಲ್ಲೇ ರೀಲಿನಿಂದ ಅರವತ್ತು ಎಪ್ಪತ್ತು ಗಜ ದಾರ ಹೋಗಬಹುದು. ಓಡುವುದು ಬಂಡೆಯ ಹಿಂದಕ್ಕೆ. ಬಿಗಿಯಾಗಿ ನಿಂತ ಬ್ರೇಡ್ ಆ ಅಂಚಿಗೆ ತಾಗಿದರೆ ಎಳೆದು ಹಿಡಿದ ಹುರಿಯ ಮೇಲೆ ಕುಡುಗೋಲು ಆಡಿಸಿದಂತೆಯೇ. ಹೊರಗಿನ ಸಣ್ಣ ಎಳೆಗಳು ಹೋಗುತ್ತವೆ, ಅವುಗಳ ಭಾರ ಉಳಿದವುಗಳ ಮೇಲೆ ಬೀಳುತ್ತದೆ, ಅವೂ ಹೋಗುತ್ತವೆ. 50 ಪೌಂಡಿನ ಬ್ರೇಡ್ ತುಂಡಾಗುವುದು ಕೈಗೆ ತಿಳಿಯುವುದು ಗಾಳದ ಕಡ್ಡಿ ಸಡಿಲಾದ ಮೇಲೆಯೇ. ಅಷ್ಟೇ ತೂಕದ ಮೋನೋಗೂ ಗಾಯವಾಗುತ್ತದೆ, ಆದರೆ ಮೇಲ್ಮೈ ಕೆರೆದರೂ ಒಳಗೆ ತಿರುಳು ಉಳಿದಿರುತ್ತದೆ. ಹಿಗ್ಗುವ ಗುಣ ಮೀನಿನ ಮೊದಲ ಹೊಡೆತವನ್ನು ನುಂಗಿಕೊಳ್ಳುತ್ತದೆ.

ದಾರ ಬಂಡೆಗೆ ಸುತ್ತಿಕೊಂಡಾಗ ಏನು ಮಾಡಬೇಕೆಂದು ಹೇಳಿಕೊಟ್ಟವರು ಹೊಳೆಯ ಮೇಲೆ ತೆಪ್ಪ ಹಾಕುತ್ತಿದ್ದ ಒಬ್ಬ ಹಿರಿಯರು. ನಾನು ಕಡ್ಡಿ ಬಗ್ಗಿಸಿ ಜಗ್ಗುತ್ತಿದ್ದೆ. 'ಬುಡಿ ಸ್ವಾಮಿ, ಎಳೀಬ್ಯಾಡಿ. ದಾರ ಸಡ್ಲ ಮಾಡಿ. ಎಳೆತ ಇಲ್ದಿದ್ರೆ ಅದೂ ಓಡಾಕಿಲ್ಲ, ನಿಂತ್ಕತದೆ' ಎಂದರು. ಸಡಿಲ ಬಿಟ್ಟೆ. ಮೀನು ನಿಂತಿತು. ಅವರು ತೆಪ್ಪವನ್ನು ಬಂಡೆಯ ಆಚೆ ಬದಿಗೆ ತಿರುಗಿಸಿ, ಹುಟ್ಟಿನ ತುದಿಯಿಂದ ದಾರವನ್ನು ಮೆಲ್ಲಗೆ ಎತ್ತಿ ಕಲ್ಲಿನಿಂದ ಬಿಡಿಸಿದರು. ಮೀನು ಆಮೇಲೆ ಸಿಕ್ಕಿತು, ನೀರಲ್ಲೇ ಗಾಳ ತೆಗೆದು ಬಿಟ್ಟೆವು. ಅಷ್ಟು ಹೊತ್ತೂ ಕಲ್ಲಿನ ಮೇಲೆ ತಿಕ್ಕಿದ್ದ ದಾರದ ಆ ಭಾಗವನ್ನು ಅವರು ಹೆಬ್ಬೆರಳಿನ ಉಗುರಿಗೂ ತೋರುಬೆರಳಿಗೂ ನಡುವೆ ಇಟ್ಟು ಎಳೆದು ತೋರಿಸಿದರು. ನುಣ್ಣಗಿದ್ದ ದಾರ ಒಂದು ಕಡೆ ಗರಗರ ಎಂದಿತು. ಬೆಳಕಿಗೆ ಹಿಡಿದರೆ ಅಲ್ಲಿ ಬಿಳುಪು, ಸಣ್ಣ ಸಿಬಿರು. ಅಲ್ಲಿಂದ ಎರಡು ಮಾರು ಮೇಲಕ್ಕೆ ಕತ್ತರಿಸಿ ಹೊಸ ಗಂಟು ಹಾಕಿಸಿದರು. ಮೋನೋ ತನ್ನ ಗಾಯವನ್ನು ಹೀಗೆ ಮೊದಲೇ ತೋರಿಸುತ್ತದೆ. ಬ್ರೇಡ್ ಹೊಸದಾಗಿಲ್ಲದಿದ್ದರೆ ಎಲ್ಲ ಕಡೆಯೂ ಜುಂಗು ಎದ್ದಿರುತ್ತದೆ, ಯಾವುದು ಸವೆತ, ಯಾವುದು ಅಪಾಯ ಎಂದು ಬೆರಳಿಗೆ ತಿಳಿಯುವುದು ಕಷ್ಟ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು: ಬ್ರೇಡ್ ಇರಲಿ, ತುದಿಗೆ ಮೋನೋದ ಒಂದು ತುಂಡು, ಅಂದರೆ ಲೀಡರ್, ಕಟ್ಟಿ. ಬೇರೆ ನೀರಿಗೆ ಅದು ಒಳ್ಳೆಯ ಮಾತು. ಕಾವೇರಿಯಲ್ಲಿ ಕಲ್ಲಿಗೆ ತಾಗುವುದು ತುದಿಯ ಎರಡು ಮಾರಲ್ಲ, ನಡುವಿನ ಐವತ್ತು ಗಜ.

ಜೊಂಡು, ಕಳೆ ತುಂಬಿದ ಹಿನ್ನೀರಿನಲ್ಲಿ ನಾನು ಬ್ರೇಡನ್ನೇ ಹಾಕುತ್ತೇನೆ. ಕೊರವ ಮೀನು ಕಳೆಯ ಒಳಗೆ ನಿಂತಿರುತ್ತದೆ. ಕಪ್ಪೆಯ ಆಕಾರದ ಎರೆಯನ್ನು ಎಲೆಗಳ ಮೇಲೆ ಜಾರಿಸಿದರೆ ಕೆಳಗಿನಿಂದ ಹಾರಿ ಹಿಡಿದು ಹಾಗೇ ಕಳೆಯೊಳಕ್ಕೆ ನುಗ್ಗುತ್ತದೆ. ಅಲ್ಲಿ ಹಿಗ್ಗುವ ದಾರದಿಂದ ಪ್ರಯೋಜನವಿಲ್ಲ. ಮೊದಲ ಕ್ಷಣದಲ್ಲೇ ಮೀನಿನ ತಲೆ ಮೇಲಕ್ಕೆ ತಿರುಗಬೇಕು. ತೆಳ್ಳಗಿನ ಬ್ರೇಡ್ ಹಸಿ ದಂಟನ್ನು ಕತ್ತರಿಸಿಕೊಂಡು ಬರುತ್ತದೆ, ಮೋನೋ ಅದಕ್ಕೆ ಸುತ್ತಿಕೊಳ್ಳುತ್ತದೆ. ಮರಳು ತಳದ ಅಗಲ ಹೊಳೆಯಲ್ಲಿ ದೂರ ಎಸೆಯಬೇಕಾದಾಗಲೂ ಬ್ರೇಡೇ ಮೇಲು, ಮುಂದೆ ಒಂದೆರಡು ಮಾರು ಮೋನೋ ಇದ್ದರೆ ಸಾಕು.

ಬ್ರೇಡಿಗೆ ಅದರದೇ ಪಾಠಗಳಿವೆ. ನುಣುಪಾದ್ದರಿಂದ ರೀಲಿನ ಮೇಲೇ ಜಾರುತ್ತದೆ, ಕೆಳಗೆ ಕೆಲವು ಸುತ್ತು ಮೋನೋ ಹಾಕಬೇಕು. ಮೋನೋಗೆ ಹಾಕುವ ಮಾಮೂಲಿ ಗಂಟು ಇದರಲ್ಲಿ ಬಿಚ್ಚಿಕೊಳ್ಳುತ್ತದೆ, ದಾರವನ್ನು ಎರಡು ಮಡಿಸಿ ಹಾಕುವ ಪಲೊಮಾರ್ ಗಂಟು ನಿಲ್ಲುತ್ತದೆ. ಸಿಕ್ಕಿಕೊಂಡಾಗ ಕೈಗೆ ಸುತ್ತಿ ಜಗ್ಗಬಾರದು, ಚರ್ಮ ಕೊಯ್ದು ಆಳಕ್ಕೆ ಇಳಿಯುತ್ತದೆ. ಕೋಲಿಗೆ ಸುತ್ತಿ ಎಳೆಯಿರಿ. ಮೋನೋಗೆ ಬಿಸಿಲು ಶತ್ರು. ನೀರು ಹೀರಿ ಬಲ ತುಸು ತಗ್ಗುತ್ತದೆ, ರೀಲಿನ ಸುರುಳಿಯನ್ನೇ ಹಿಡಿದಿರುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚದಿದ್ದರೆ ತಿಕ್ಕಾಟದ ಬಿಸಿಗೇ ಸೊರಗುತ್ತದೆ. ಪ್ರತಿ ಹಂಗಾಮಿಗೂ ಬದಲಾಯಿಸಬೇಕು. ಬೆಲೆ ಕಡಿಮೆ ಇರುವುದರಿಂದ ಅದು ಹೊರೆಯಾಗುವುದಿಲ್ಲ.

ದಾರ ತುಂಡಾದರೆ ನಮಗೆ ಹೋಗುವುದು ಒಂದು ಮೀನು ಮತ್ತು ಒಂದು ಗಾಳ. ಮೀನಿಗೆ ಉಳಿಯುವುದು ಬಾಯಲ್ಲಿ ಗಾಳ, ಹಿಂದೆ ಎಳೆದಾಡುವ ಗಜಗಟ್ಟಲೆ ದಾರ, ಸೀಸ. ಹಾಗೆ ಕಳೆದುಕೊಳ್ಳುವಷ್ಟು ಮಹಶೀರ್ ಈಗ ಉಳಿದಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದರು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್, ಟಾರ್ ರೆಮಾದೇವಿ, 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಕಾವೇರಿಯ ವನ್ಯಜೀವಿ ಧಾಮದೊಳಗೆ ಗಾಳದವರಿಗೆಂದು ಇದ್ದ ಶಿಬಿರಗಳಲ್ಲಿ ಗಾಳ ನಿಂತಿದೆ. ಶೃಂಗೇರಿ, ಶಿಶಿಲದಂಥ ಮತ್ಸ್ಯಧಾಮಗಳಲ್ಲಿ ಗಾಳ ಹಾಕುವ ಮಾತೇ ಇಲ್ಲ. ಗಾಳಕ್ಕೆ ಅನುಮತಿ ಇರುವ ಕಡೆಯೂ ಈ ಮೀನು ಅಕಸ್ಮಾತ್ ಕಚ್ಚಿದರೆ ಅದು ಬದುಕಿ ಹಿಂತಿರುಗಬೇಕು. ಅದಕ್ಕೆ ಬೇಕಾದ್ದು ತುಂಡಾಗದ ದಾರ, ಮೀನನ್ನು ಬೇಗ ದಡಕ್ಕೆ ತರಬಲ್ಲ ದಪ್ಪ. ತೆಳ್ಳಗಿನ ದಾರದಲ್ಲಿ ಗಂಟೆಗಟ್ಟಲೆ ಆಡಿಸಿ ದಣಿಸುವುದನ್ನು ಹೆಮ್ಮೆಯೆಂದು ಹೇಳುವವರ ಜೊತೆ ನಾನು ವಾದಕ್ಕೇ ನಿಲ್ಲುತ್ತೇನೆ. ಹಾಗೆ ಬಿಟ್ಟ ಮೀನು ಈಜಿ ಹೋದದ್ದು ಕಾಣುತ್ತದೆ, ಆಮೇಲೆ ಉಳಿಯಿತೋ ಇಲ್ಲವೋ ಕಾಣುವುದಿಲ್ಲ.

ಸೀಸವನ್ನು ನಾನು ಈಗ ಮುಖ್ಯ ದಾರಕ್ಕೆ ಸುತ್ತುವುದಿಲ್ಲ. ಒಂದು ಗೇಣು ಹಳೆಯ, ಬಲ ಕಡಿಮೆಯ ಮೋನೋ ತುಂಡಿಗೆ ಕಟ್ಟಿ ಪಕ್ಕಕ್ಕೆ ನೇತುಹಾಕುತ್ತೇನೆ. ಸೀಸ ಸಂದಿಗೆ ಸಿಕ್ಕಿದರೆ ಆ ತುಂಡೊಂದೇ ಹರಿಯುತ್ತದೆ, ಮೀನು ದಾರದಲ್ಲೇ ಉಳಿಯುತ್ತದೆ. ಕತ್ತರಿಸಿ ತೆಗೆದ ದಾರವನ್ನು ಅಂಗೈಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ತಂದು, ಬೆರಳುದ್ದದ ಚೂರುಗಳಾಗಿ ಕತ್ತರಿಸಿ ಕಸಕ್ಕೆ ಹಾಕುತ್ತೇನೆ. ನೀರುಕಾಗೆಯ ಕಾಲಿಗೆ, ನೀರುನಾಯಿಯ ಕತ್ತಿಗೆ ಸುತ್ತಿಕೊಳ್ಳಲು ಅರ್ಧ ಮಾರು ದಾರ ಸಾಕು, ಅದು ಮೋನೋ ಆದರೂ ಸರಿ, ಬ್ರೇಡ್ ಆದರೂ ಸರಿ.