ಹಪ್ಪಳದ ಪುಸ್ತಕದ ಕೊನೇ ಪುಟ

ನಮ್ಮ ಶಿರಸಿ ಕಡೆ ಹಲಸಿನ ಹಪ್ಪಳ ಮಾಡೋದು ಅಂದ್ರೆ ಮಳೆ ಜೊತೆ ಪಂದ್ಯ ಕಟ್ಟಿದ ಹಾಗೆ. ಕಾಯಿ ಬಲಿಯೋದು ಏಪ್ರಿಲ್ ಹೊತ್ತಿಗೆ. ಜೂನ್ ಬಂತೆಂದರೆ ಮಳೆ ಬಾಗಿಲಲ್ಲಿ ನಿಂತಿರುತ್ತೆ. ಮೋಡ ಕವಿದ ದಿನ ಬಿಟ್ಟರೆ ಕೈಗೆ ಸಿಗೋದು ಹೆಚ್ಚೆಂದರೆ ನಲವತ್ತು ಬಿಸಿಲು. ಆ ನಲವತ್ತು ದಿನದ ದುಡಿಮೆಯನ್ನು ವರ್ಷವಿಡೀ ಮಾರಬೇಕು.

ನಾನೂ ನನ್ನ ಓರಗಿತ್ತಿಯೂ ಇದನ್ನು ವ್ಯಾಪಾರ ಅಂತ ಶುರು ಮಾಡಿ ನಾಲ್ಕು ವರ್ಷ ಆಯ್ತು. ಹಲಸು ಹಿತ್ತಲದ್ದೇ. ಮೇಣ ಒರೆಸಿ, ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಖಾರ, ಜೀರಿಗೆ ಸೇರಿಸಿ ರುಬ್ಬಿ, ಉಂಡೆ ಕಟ್ಟಿ ಒತ್ತಿ ಚಾಪೆ ಮೇಲೆ ಹರವೋದು. ಮೊದಲ ದಿನವೇ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದುಕೊಂಡ್ವಿ: 'ಐದು ವರ್ಷದೊಳಗೆ ನಮ್ಮ ಹೆಸರಿನ ಪ್ಯಾಕೆಟ್, ಮಳೆಗಾಲದಲ್ಲೂ ಒಣಗಿಸೋ ಡ್ರೈಯರ್.' ಅತ್ತೆ ನಕ್ಕು, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀರಲ್ಲೇ!" ಅಂದ್ರು. ಮೊದಲ ಪುಟದಲ್ಲಿ ಬರೆದದ್ದು ಇಷ್ಟೇ: 'ದಿನಕ್ಕೆ 150.' ನಲವತ್ತು ದಿನಕ್ಕೆ 6,000 ಹಪ್ಪಳ.

ಎರಡನೇ ವರ್ಷ ಈ ಎರಡೂ ಪುಟಕ್ಕೆ ಜಗಳ ಬಿತ್ತು. ಮೇ ಕೊನೆಗೆ ವ್ಯಾಪಾರಿಯೊಬ್ಬರು ಬಂದು, "ಇರೋದೆಲ್ಲ ಕೊಡಿ, ಒಂದಕ್ಕೆ 3 ರೂಪಾಯಿ, ಈಗ್ಲೇ ನಗದು" ಅಂದ್ರು. ಒಟ್ಟು 18,000. ಮಗಳ ಪಿಯುಸಿ ಫೀಸು 9,000 ಎದುರಿಗೇ ಇತ್ತು. ನಾವೇ ಮಾರಿದರೆ ಒಂದಕ್ಕೆ 6 ರೂಪಾಯಿ ಸಿಗುತ್ತೆ, ಆದರೆ ಆ ದುಡ್ಡು ತೊಟ್ಟು ತೊಟ್ಟಾಗಿ ದೀಪಾವಳಿವರೆಗೂ ಬರುತ್ತೆ. ಮೇಲಾಗಿ, ಎಲ್ಲವನ್ನೂ ಕೊಟ್ಟರೆ ಪ್ಯಾಕೆಟ್ ಮೇಲೆ ಬರೋದು ಅವರ ಹೆಸರು. ತಿಂದವರು ಮುಂದಿನ ವರ್ಷ ನಮ್ಮನ್ನು ಹುಡುಕಿಕೊಂಡು ಬರೋದು ಹೇಗೆ?

ರಾತ್ರಿ ಕೂತು ಲೆಕ್ಕ ಹಾಕಿದ್ವಿ. ಅರ್ಧ ಮಾತ್ರ ಕೊಡೋದು ಅಂತಾಯ್ತು. ಬಂದ 9,000ದಲ್ಲಿ ಅರ್ಧ ಅಕ್ಕನದು. ಅವಳು, "ಮಗಳ ಫೀಸು ಕಟ್ಟು. ನನ್ನ ಪಾಲು ಉಳಿದ ಹಪ್ಪಳದಲ್ಲಿ ತಗೋತೀನಿ" ಅಂದುಬಿಟ್ಟಳು. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದರೆ ಅವಳ ದುಡ್ಡೂ ಹೋಗ್ತಿತ್ತು. ಅದು ಗೊತ್ತಿದ್ದೇ ಹೇಳಿದ್ದು. ಡಬ್ಬಿಯ ಮುಚ್ಚಳ ಬಿಗಿ ಮಾಡಿ, ಬಿಸಿಲು ಇಣುಕಿದಾಗಲೆಲ್ಲ ಹೊರಗಿಟ್ಟು ಕಾಪಾಡಿದ್ವಿ. ದೀಪಾವಳಿ ಹೊತ್ತಿಗೆ ಎಲ್ಲ ಖರ್ಚಾಯ್ತು. ಮೊದಲು ಅಕ್ಕನ ಪಾಲು ಕೊಟ್ಟು ಆಮೇಲೆ ನನ್ನದು ತಗೊಂಡೆ.

ಲಿಜ್ಜತ್ ಪಾಪಡ್ ಕಥೆ ನಿಮಗೂ ಗೊತ್ತಿರಬಹುದು. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು. ಮೊದಲ ವರ್ಷ ಮಳೆಯಿಂದಾಗಿ ನಾಲ್ಕು ತಿಂಗಳು ಕೆಲಸ ನಿಂತಿತ್ತಂತೆ. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ದೊಡ್ಡ ಸಂಸ್ಥೆ ಆಗೋ ಕನಸು ಏನೇ ಇರಲಿ, ಆ ವರ್ಷದ ಗುರಿ ಮಳೆಗಾಲ ದಾಟೋದಷ್ಟೇ ಆಗಿತ್ತು. ನನಗೆ ಅವರ ಈಗಿನ ಕೋಟಿಗಳಿಗಿಂತ ಆ ಮಂಚವೇ ಹೆಚ್ಚು ಧೈರ್ಯ ಕೊಡ್ತದೆ.

ನಮ್ಮ ಹೆಸರಲ್ಲಿ ಮಾರಿದ 25ರ ಪ್ರತಿ ಪ್ಯಾಕೆಟ್‌ನಿಂದ 10 ರೂಪಾಯಿ ಡಬ್ಬಿಗೆ ಹಾಕ್ತೀವಿ. ಮನೇಲಿ ಎಷ್ಟೇ ಅಡಚಣೆ ಇದ್ದರೂ ಅದನ್ನು ಮುಟ್ಟೋ ಹಾಗಿಲ್ಲ. ಆ ದುಡ್ಡಲ್ಲೇ ಎಫ್‌ಎಸ್‌ಎಸ್‌ಎಐ ನೋಂದಣಿ ಆಯ್ತು, ಸೀಲಿಂಗ್ ಮಷೀನ್ ಬಂತು. ಈಗ ಪ್ಯಾಕೆಟ್ ಮೇಲೆ ನಮ್ಮ ಹೆಸರಿದೆ, ಕೆಳಗೆ 14 ಅಂಕಿಯ ಸಂಖ್ಯೆ ಇದೆ. ಅಂಕಿ ತಪ್ಪಾಗಿಲ್ಲ ತಾನೇ ಅಂತ ಡಿಗ್ರಿ ಓದೋ ಮಗಳು ಎರಡೆರಡು ಸಲ ನೋಡ್ತಾಳೆ.

ಡ್ರೈಯರ್ ಇನ್ನೂ ಬಂದಿಲ್ಲ. ಡಬ್ಬಿಯಲ್ಲಿ 3,400 ಇದೆ. ಐದು ವರ್ಷ ಆರೋ ಏಳೋ ಆಗಬಹುದು, ಆಗಲಿ. ಮನೆಯಲ್ಲೇ ಏನಾದರೂ ಶುರು ಮಾಡಬೇಕು ಅಂತಿರೋ ಅಕ್ಕ-ತಂಗಿಯರಿಗೆ ನಾನು ಹೇಳೋದು ಇಷ್ಟೇ: ದೂರದ ಆಸೆಯನ್ನು ಕೊನೇ ಪುಟದಲ್ಲಿ ಬರೆದಿಡಿ, ದಿನಾ ಮೊದಲ ಪುಟ ನೋಡಿ ಕೆಲಸ ಮಾಡಿ. ಯಾರಾದರೂ ನಗದು ಹಿಡಿದು ಬಾಗಿಲಿಗೆ ಬಂದಾಗ ಮಾತ್ರ, ಉತ್ತರ ಕೊಡೋ ಮುಂಚೆ ಕೊನೇ ಪುಟ ಒಮ್ಮೆ ತೆರೆದು ನೋಡಿ.